ಆರಡಿಗೆ ಸಿಕ್ಕಿಕೊಂಡ ಲೆನ್ಸು

ಚಿಕ್ಕಪ್ಪಾ, ನಮಸ್ಕಾರ.

ನೀವು ಕೊಟ್ಟ ಹಳೇ ಲೆನ್ಸನ್ನು ನನ್ನ ಡಿಜಿಟಲ್ ಕ್ಯಾಮೆರಾಗೆ ಹಾಕಿದ್ದೇನೆ. ಚಿತ್ರ ಬೆಣ್ಣೆಯ ಹಾಗೆ ಬರುತ್ತದೆ, ಆದರೆ ಫೋಕಸ್ ರಿಂಗು ಮಾತ್ರ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಆರಡಿ ದೂರದಲ್ಲಿದ್ದದ್ದು ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಇದನ್ನು ಬೀದಿಯವರಿಗೆ ಹೇಳಿದ್ದೇ ತಪ್ಪಾಯಿತು. ದರ್ಜಿ ಟೇಪು ಹಿಡಿದು ಓಡಿಬಂದ. ಕ್ಷೌರದಂಗಡಿಯವನು ಬಾಗಿಲ ಮುಂದೆ ಸೀಮೆಸುಣ್ಣದ ಗೆರೆ ಎಳೆದ. ಈಗ ನಾನು ಹೊರಬಿದ್ದರೆ ಸಾಕು, ಎಲ್ಲರೂ ಆರಡಿ ಅಳೆದು ನಿಲ್ಲುತ್ತಾರೆ, ಕ್ಯಾಮೆರಾ ಇಲ್ಲದಿದ್ದರೂ! ಎದುರಿನ ಬೆಟ್ಟವೊಂದೇ ಇನ್ನೂ ಒಪ್ಪಿಲ್ಲ.

ಮನೆ ಒಡತಿಯ ಕೋಣೆ ತೀರಾ ಇಕ್ಕಟ್ಟು. ನಿನ್ನೆ ಅವರ ಫೋಟೋಗಾಗಿ ನಾನು ಕಿಟಕಿಯಾಚೆ, ಪಕ್ಕದ ಮನೆಯ ಬಚ್ಚಲಿನಲ್ಲಿ ನಿಲ್ಲಬೇಕಾಯಿತು. ಮೈತುಂಬ ಸೋಪು ಹಚ್ಚಿಕೊಂಡಿದ್ದ ಆ ಮನೆಯ ಯಜಮಾನರು, "ಇನ್ನರ್ಧ ಅಡಿ ಹಿಂದೆ ಬನ್ನಿ, ಸಂಕೋಚ ಪಟ್ಕೋಬೇಡಿ" ಎಂದು ತಾವೇ ಬಕೆಟ್ಟು ಸರಿಸಿ ಜಾಗ ಕೊಟ್ಟರು.

ಕೆಮ್ಮು ವಾಸಿಯಾಗಿದೆ. ಊಟ ಸೇರುತ್ತಿದೆ.

ಅಂದಹಾಗೆ, ಚಿಕ್ಕಂದಿನಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ, "ಹಿಂದೆ ಹೋಗ್ರೋ, ಇನ್ನೊಂಚೂರು! ಇದು ಕಲೆ, ನಿಮಗೇನು ಗೊತ್ತು?" ಎಂದು ಗದರುತ್ತಿದ್ದಿರಲ್ಲ, ಈಗ ಗೊತ್ತಾಯಿತು. ರಿಂಗು ಆಗಲೇ ಸಿಕ್ಕಿಕೊಂಡಿತ್ತು! ಮದುವೆಯಾದ ಹೊಸದರಲ್ಲಿ ನೀವು ತೆಗೆದ ಫೋಟೋದಲ್ಲಿ ಚಿಕ್ಕಮ್ಮ ಹೊಸ ಬಟ್ಟೆ ಉಟ್ಟು ನೀರಿನ ತೊಟ್ಟಿಯೊಳಗೆ ನಿಂತಿರುವುದೂ ಅದಕ್ಕೇ ತಾನೆ?

ನನ್ನ ಬಾಯಿಂದಂತೂ ಇದು ಹೊರಗೆ ಬೀಳುವುದಿಲ್ಲ. ಅಂಚೆ ಕಾರ್ಡು ತುಂಬಿತು. ಅಯ್ಯೋ, ಅಂಚೆಯವನಿಂದ ಟಪಾಲು ತೆಗೆದುಕೊಳ್ಳುವುದು ಯಾವಾಗಲೂ ಚಿಕ್ಕಮ್ಮನೇ ಅಲ್ಲವೇ?

ಚಿಕ್ಕಮ್ಮಾ, ನಿಮಗೂ ನಮಸ್ಕಾರ.