ಮೂರನೇ ಲೋಟ

ಮಾರ್ಚ್ 3, ಸೋಮವಾರ

ಮತ್ತೆ ಅದೇ ಕುರ್ಚಿ, ಅದೇ ತಣ್ಣಗಾದ ಕಾಫಿ. ಆಸ್ಪತ್ರೆಯಿಂದ ಅರ್ಜೆಂಟ್ ಮೇಲ್. ರೋಗಿಗಳ ಫೋನಿಗೆ ನಮ್ಮ ಸಾಫ್ಟ್‌ವೇರ್ ಕಂಪನಿ ಕಳಿಸುವ ಮಾತ್ರೆ ಮೆಸೇಜ್ ಬದಲಾಗಬೇಕಂತೆ. ನರನೋವಿನ ಮಾತ್ರೆ ಇಷ್ಟು ದಿನ ಬೆಳಿಗ್ಗೆ ಒಂದು, ರಾತ್ರಿ ಅರ್ಧ. ಹಗಲೆಲ್ಲ ತೂಕಡಿಕೆ ಅಂತ ದೂರು. ಇನ್ನು ಮೇಲೆ ಬೆಳಿಗ್ಗೆ ಅರ್ಧ, ರಾತ್ರಿ ಒಂದು.

ಎರಡು ಸಾಲಿನ ಕೋಡ್. ‘ಒಂದು’ ಇದ್ದಲ್ಲೆಲ್ಲ ‘ಅರ್ಧ’ ಹಾಕು. ಆಮೇಲೆ ‘ಅರ್ಧ’ ಇದ್ದಲ್ಲೆಲ್ಲ ‘ಒಂದು’ ಹಾಕು. ರಾತ್ರಿಯ ಮೆಸೇಜ್ ತೆರೆದು ನೋಡಿದೆ — ‘ಒಂದು’. ಸರಿಯಾಗಿದೆ. ಕೋಡಿನ ತಪ್ಪು ಹುಡುಕುವ ನಮ್ಮ ಟೆಸ್ಟರ್ ರಜೆಯಲ್ಲಿದ್ದಾಳೆ; ನಾವಿಟ್ಟ ಹೆಸರು ಭೂತಗನ್ನಡಿ. ಅವಳಿಗಾಗಿ ಕಾಯುತ್ತ ಕೂತರೆ ಆದಂತೆಯೇ! ಕಳಿಸಿಬಿಟ್ಟೆ.

ಅತ್ತೆಗೂ ಇದೇ ಮಾತ್ರೆ, ಬೆರಳಿನ ಉರಿಗೆ. ಊಟಕ್ಕೆ ಕೂತಾಗ ಹೇಳಿದೆ, ಮೆಸೇಜ್ ಬದಲಾಗುತ್ತೆ, ಅದರಲ್ಲಿದ್ದ ಹಾಗೇ ತಗೊಳ್ಳಿ ಅಂತ.

“ನೀನೇ ಬರೆದಿದ್ದಾ? ಹಂಗಾದ್ರೆ ಕಣ್ಮುಚ್ಕೊಂಡು ನುಂಗ್ತೀನಿ ಬಿಡು.”

ಮಾರ್ಚ್ 8, ಶನಿವಾರ

ಅತ್ತೆ ಹೊಲಿಗೆ ಮೆಷಿನ್ ಮೇಲೆ ತಲೆಯಿಟ್ಟು ನಿದ್ದೆ. ಹಾಡುಹಗಲು! ಮುಂದಿನ ಕೋಣೆಯೇ ಅವರ ಅಂಗಡಿ. ಗಿರಾಕಿ ಬಾಗಿಲಲ್ಲೇ ನಿಂತಿದ್ದಾಳೆ. ಎಬ್ಬಿಸಿದೆ. “ಇದು ಬೆಳಿಗ್ಗೇನೋ ಸಂಜೇನೋ?” ಅಂದರು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಮಾರ್ಚ್ 13, ಗುರುವಾರ

ಅತ್ತೆ ಕೋಟಿನ ತೋಳು ಒಳಗಿನದ್ದು ಹೊರಗಾಗಿ ಹೊಲಿದಿದ್ದಾರೆ. ಗಿರಾಕಿಯ ರಂಪ. ಇವರು ಆಫೀಸಿಂದ ಬಂದವರೇ ಶುರುವಿಟ್ಟುಕೊಂಡರು.

“ಅಮ್ಮಂಗೆ ಅರಳುಮರಳು ಕಣೇ. ಬೆರಳಿಗೆ ಸೂಜಿ ಇಳಿಸ್ಕೊಂಡ ಮೇಲೆ ಅಳೋದಾ? ಮೆಷಿನ್ ಮಾರಿಬಿಡೋಣ.”

ಅತ್ತೆ ಮಗನ ನೀರಿಳಿಸುತ್ತಾರೆ ಅಂತ ಕಾದೆ. ಇಲ್ಲ.

“ಮಾರಪ್ಪ. ನನ್ನ ತಲೇನೇ ನನ್ನ ಮಾತು ಕೇಳ್ತಿಲ್ಲ.”

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆ ಮೆಷಿನ್ನೇ ಅವರ ಜೀವ. ಅದನ್ನು ಕಿತ್ತುಕೊಂಡು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸುವುದೇ?

ಮಾರ್ಚ್ 17, ಸೋಮವಾರ, ಮಧ್ಯಾಹ್ನ

ಭೂತಗನ್ನಡಿ ಬಂದಳು. ನನ್ನ ಎರಡು ಸಾಲು ನೋಡಿ ನಕ್ಕಳು. ಆಮೇಲೆ ನಗು ನಿಂತಿತು.

“ಲೇ, ಒಂದು ಲೋಟದ ಹಾಲು, ಇನ್ನೊಂದರ ನೀರು ಅದಲುಬದಲು ಮಾಡೋಕೆ ಮೂರನೇ ಲೋಟ ಬೇಡ್ವೇನೇ?”

ಅಯ್ಯೋ. ಮೊದಲ ಸಾಲು ಎಲ್ಲವನ್ನೂ ‘ಅರ್ಧ’ ಮಾಡಿದೆ. ಎರಡನೆಯದು ಆ ಎಲ್ಲ ‘ಅರ್ಧ’ವನ್ನೂ ‘ಒಂದು’ ಮಾಡಿದೆ. ರಾತ್ರಿಯೂ ಒಂದು, ಬೆಳಿಗ್ಗೆಯೂ ಒಂದು. ಬೆಳಗಿನ ಮೆಸೇಜ್ ನಾನು ತೆರೆದೇ ನೋಡಲಿಲ್ಲ!

ಮ್ಯಾನೇಜರ್ ಎಲ್ಲ ಮೆಸೇಜ್ ನಿಲ್ಲಿಸಿದರು. ಆಸ್ಪತ್ರೆಯವರು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಾರೆ. ಎಷ್ಟು ಮನೆಗಳಲ್ಲಿ ಯಾರ್ಯಾರು ತೂಕಡಿಸುತ್ತಿದ್ದಾರೋ... ನನಗೆ ಬಿದ್ದ ಬೈಗುಳ ಏನೇನೂ ಸಾಲದು.

ಅತ್ತೆ ಫೋನ್ ಎತ್ತುತ್ತಿಲ್ಲ. ಮೆಷಿನ್ ಕೊಳ್ಳಲು ಇವರು ಗೊತ್ತುಮಾಡಿದ ದರ್ಜಿ ಬರುವುದು ಇವತ್ತೇ. ಹೊರಟೆ.

ಅದೇ ದಿನ, ಸಂಜೆ

ಸದ್ಯ, ದರ್ಜಿ ಇನ್ನೂ ಬಂದಿಲ್ಲ. ಅತ್ತೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. “ಇನ್ನೊಬ್ಬರ ಮನೆಗೆ ಹೋಗೋದು, ಕಿರ್ರ್ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಅವರೇ ಅಂದರು:

“ಆಸ್ಪತ್ರೆಯಿಂದ ಯಾರೋ ಹುಡುಗಿ ಫೋನ್ ಮಾಡಿದ್ಲು. ಮೆಸೇಜ್ ತಪ್ಪಾಗಿತ್ತಂತೆ. ಚೆನ್ನಾಗಿ ಬೈದೆ. ಅದು ನಮ್ಮ ಸೊಸೆ ಬರೆದಿದ್ದು ಕಣಮ್ಮ, ತಪ್ಪಿರೋಕೆ ಸಾಧ್ಯಾನೇ ಇಲ್ಲ, ಕೆಟ್ಟಿರೋದು ನನ್ನ ತಲೆ ಅಂದೆ.”

ಬಟ್ಟೆ ಬದಲಾಯಿಸುವ ನೆಪದಲ್ಲಿ ಕೋಣೆಗೆ ಬಂದು ಇದನ್ನು ಗೀಚುತ್ತಿದ್ದೇನೆ. ಹೇಡಿ.

ಗೇಟಿನ ಸದ್ದು. ದರ್ಜಿ. ಏಳು. ಹೋಗಿ ಹೇಳು. ಅತ್ತೆ, ನಿಮ್ಮ ತಲೆ ನೆಟ್ಟಗಿದೆ, ಕೆಟ್ಟಿದ್ದು ನನ್ನ —