ಹಳ್ಳದ ಮಣ್ಣಿನ ಹುಳುಗಳು

ಸಿರ್ಗಾಪುರ
೧೮ ಮೇ ೨೦೨೫

ಪ್ರೀತಿಯ ತಮ್ಮ ಕಾಶಿನಾಥನಿಗೆ,

ಬೀದರಿನ ನೀರು ನಿನಗೆ ಒಗ್ಗಿತೇ? ಹೊಟ್ಟೆನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಫೋನು ಬಂದ್ ಇರುವುದರಿಂದ ಈ ಕಾಗದವನ್ನು ಇಂದೇ ಬೀದರಿಗೆ ಹೊರಟಿರುವ ನೆರೆಮನೆಯ ಸಿದ್ದರಾಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವ್ವ ನಿನ್ನ ಪಾಲಿನ ಮಾವಿನ ಉಪ್ಪಿನಕಾಯಿ ಬೇರೆ ಭರಣಿಯಲ್ಲಿ ಎತ್ತಿಟ್ಟಿದ್ದಾಳೆ.

ನಿನ್ನ ಗೆಳೆಯ ಹಣಮಯ್ಯನ ಹೆಣ ಹಳ್ಳದ ಜಾಲಿ ಪೊದೆಯಲ್ಲಿ ಸಿಕ್ಕ ಬುಧವಾರ ನೀನು ಇಲ್ಲೇ ಇದ್ದೆ. "ಭಾನುವಾರ ನಾನೇ ನಾರಾಯಣಖೇಡ್ ಬಸ್‌ಸ್ಟ್ಯಾಂಡಿಗಿ ಬಿಟ್ಟು ಬಂದೀನ್ರಿ, ನಗ್ಕೋತ ಬಸ್ ಹತ್ಯಾನ" ಎಂದು ಪೊಲೀಸರಿಗೆ ಹೇಳಿ ಮರುದಿನ ಬೀದರಿನ ಸೋದರಮಾವನ ಮನೆಗೆ ಹೋದೆ. ನೀನು ಹೋದ ದಿನವೇ ಹೈದರಾಬಾದಿನಿಂದ ಪೂರ್ಣಿಮಾ ಎಂಬ ಕೀಟವಿಜ್ಞಾನಿ ಬಂದರು. ತಾಂಡೂರಿನ ಮಗಳಂತೆ, ನಮ್ಮ ಮಾತೇ ಆಡುತ್ತಾರೆ. ಹೆಣ ಬಿದ್ದಿದ್ದ ಜಾಗದ ಮಣ್ಣು ಕೆದರಿ ಹುಳುಗಳನ್ನೂ ಅವು ನೊಣವಾಗುವ ಮೊದಲು ಕಟ್ಟಿಕೊಳ್ಳುವ ಕಂದು ಬಣ್ಣದ ಕೋಶಗಳನ್ನೂ ಡಬ್ಬಿಗೆ ಹಾಕಿಕೊಂಡರು. ನೀರು ಕುಡಿಯಲು ಮನೆಗೆ ಬಂದಾಗ ಅವ್ವ, "ಇಷ್ಟು ಓದಿ ಹುಳ ಆರಸ್ತೀರೇನವ್ವ?" ಎಂದು ನಕ್ಕಳು. ಅವರು ನಗಲಿಲ್ಲ. "ಸತ್ತೋರ ಹಂತ್ಯಾಕ ಮೊದಲ ಬರೋದು ನೊಣಾನೇ, ಅಮ್ಮ. ಯಾವ ಬಿಸಲಿಗಿ ಅದರ ಹುಳ ಎಷ್ಟು ದಿನಕ್ಕ ಬೆಳೀತದ ಅಂತ ಓದಿದ್ರ, ಯಾವಾಗ ಸತ್ತಾರ ಅಂತ ತಿಳೀತದ. ನೋಡಿದೋರು ಯಾರೂ ಇಲ್ಲದಾಗ ಇದೇ ವಿದ್ಯಾ ಉಪಯೋಗಕ್ಕ ಬರ್ತದ" ಎಂದರು.

ನಿನ್ನೆ ಪೂರ್ಣಿಮಾ ಇನ್‌ಸ್ಪೆಕ್ಟರ್ ಜೊತೆ ಮತ್ತೆ ಬಂದಿದ್ದರು. ಭಾನುವಾರದ ಮೇಲೆ ಸತ್ತಿದ್ದರೆ, ಅವರು ಮಣ್ಣು ಕೆದರುವವರೆಗಿನ ನಾಲ್ಕು ದಿನದೊಳಗೆ ಹುಳು ಅಂಥ ಕೋಶ ಕಟ್ಟಲಾರದಂತೆ. ಹಣಮಯ್ಯ ಆ ಭಾನುವಾರಕ್ಕೂ ಮುಂಚಿನ ಗುರುವಾರವೋ ಶುಕ್ರವಾರವೋ ಸತ್ತಿದ್ದಾನೆ. ಹಾಗಾದರೆ ಭಾನುವಾರ ಬಸ್ಸು ಹತ್ತಿದವರು ಯಾರು, ತಮ್ಮ?

"ಆ ಗುರುವಾರ ನಿಮ್ಮ ಹುಡಗ ಎಲ್ಲಿದ್ದ?" ಎಂದು ಇನ್‌ಸ್ಪೆಕ್ಟರ್ ಕೇಳಿದರು. "ಮನ್ಯಾಗೇ ಇದ್ದನ್ರಿ" ಎಂದಳು ಅವ್ವ. ನಾನು ಚಹಾ ಇಡಲು ಒಳಗೆ ಹೋದೆ. ಆ ಗುರುವಾರ ಸಂಜೆ ನೀನು ಹಳ್ಳದ ಕಡೆಯಿಂದ ಬಂದೆ; ಎಂದೂ ಉಂಡ ತಟ್ಟೆಯನ್ನೂ ಎತ್ತದವನು ಅಂದು ನಿನ್ನ ಬಟ್ಟೆಯನ್ನು ನೀನೇ ಒಗೆದುಕೊಂಡೆ. ಅವ್ವನೂ ನೋಡಿದ್ದಾಳೆ. ನಿನ್ನೆಯಿಂದ ಕೈಮೇಲೆ ನೊಣ ಕೂತರೂ ಬೆಚ್ಚುತ್ತಾಳೆ, ಉಂಡಿಲ್ಲ.

ಮಾವನಿಗೆ, ಅತ್ತೆಗೆ ನನ್ನ ಶರಣು ಹೇಳು. ಅವ್ವನ ಆಶೀರ್ವಾದ ನಿನ್ನ ಮೇಲಿದೆ.

ನಿನ್ನ ಅಕ್ಕ,
ಸರಿತಾ

ತಾ.ಕ.: ಈಗಷ್ಟೇ ಹಣಮಯ್ಯನ ಹೆಂಡತಿ ಅಮೃತಬಾಯಿ ಬಂದು ಹೋದಳು. ನಿನ್ನೆಯ ಸುದ್ದಿ ಅವಳಿಗಿನ್ನೂ ತಿಳಿದಿಲ್ಲ. "ಬಸ್ ಹತ್ತೂವಾಗ ನಮ್ಮೋರು ನನ್ನ ಸುದ್ದಿ ಏನರ ತಗದಿದ್ರೇನಕ್ಕ? ಕಾಶಿನಾಥಣ್ಣಗ ಒಮ್ಮಿ ಕೇಳ್ರಿ" ಎಂದಳು. ಅವಳ ಮುಖ ನೋಡಲಾಗಲಿಲ್ಲ. ನಾಳೆ ನಾನು ಠಾಣೆಗೆ ಹೋಗಿ ಆ ಗುರುವಾರ ಕಂಡದ್ದನ್ನು ಹೇಳುತ್ತೇನೆ. ನೀನು ಮೊದಲ ಬಸ್ಸಿಗೆ ಬಂದರೆ ಇಬ್ಬರೂ ಹೋಗೋಣ. ಬರದಿದ್ದರೆ ಮಾವನ ಮನೆಯ ವಿಳಾಸವನ್ನೂ ಕೊಟ್ಟು ಬರುತ್ತೇನೆ.