ಎಲ್ಲಿಂದಲೋ ಬಂದವರು

ನವೆಂಬರ್ 4, ಮಂಗಳವಾರ, ಬೆಳಗ್ಗೆ 10.20

ರಿಪೋರ್ಟ್ ತೆಗೆದೆ. ಮತ್ತೆ ಅದೇ. ವೆಬ್‌ಸೈಟಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ‘ಡೈರೆಕ್ಟ್’ ಸಾಲಿನಲ್ಲಿ. ಅಂದರೆ ಎಲ್ಲಿಂದ ಬಂದರೋ ಗೊತ್ತಿಲ್ಲ. ಗೂಗಲ್‌ನಿಂದ ಬಂದವರು ಗೂಗಲ್ ಸಾಲಿನಲ್ಲಿ, ಫೇಸ್‌ಬುಕ್‌ನವರು ಅವರ ಸಾಲಿನಲ್ಲಿ ಶಿಸ್ತಾಗಿ ಇದ್ದಾರೆ. ಇಷ್ಟೊಂದು ಜನ ಮಾತ್ರ ಆಕಾಶದಿಂದ ಉದುರಿದ ಹಾಗೆ. ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿಯ ವಿಳಾಸವನ್ನು ಬಾಯಿಪಾಠ ಮಾಡಿಕೊಂಡು ಟೈಪ್ ಮಾಡುತ್ತಾರಾ? ಸಾಧ್ಯವೇ ಇಲ್ಲ.

‘ಅಕ್ಕನ ಪತ್ರ’ದ ಸಾಲಿನಲ್ಲಿ — ಸೊನ್ನೆ.

ನಮ್ಮ ಆಫೀಸಿನ ಹೊಲಿಗೆ ಅಕ್ಕ ಪ್ರತಿ ಮಂಗಳವಾರ ಗಿರಾಕಿಗಳಿಗೆ ಈಮೇಲಿನಲ್ಲಿ ಬರೆಯುವ ಪತ್ರ. ಹರಿದ ಕಿಸೆ, ಸಡಿಲವಾದ ಎಲಾಸ್ಟಿಕ್, ಇಂಥವನ್ನು ಸರಿಮಾಡುವ ಬಗೆ; ಪೂರ್ತಿ ಓದಲು ನಮ್ಮ ಸೈಟಿನ ಲಿಂಕ್. ಇವತ್ತಿನದೂ ಹೋಯಿತು. ಮ್ಯಾನೇಜರ್ ನನ್ನ ಟೇಬಲ್ಲಿಗೆ ಬಂದು, “ಶುಕ್ರವಾರ ಮೀಟಿಂಗಲ್ಲಿ ಇದನ್ನ ನಿಲ್ಲಿಸ್ಬಿಡೋಣ. ಯಾರೂ ಓದಲ್ಲ. ಅಕ್ಕನ್ನ ಗೋಡೌನಿಗೆ ಹಾಕೋಣ, ಪ್ಯಾಕಿಂಗಿಗೆ ಜನ ಬೇಕು” ಅಂದರು. ಅಕ್ಕ ಎರಡು ಟೇಬಲ್ ಆಚೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕೇಳಿಸಿತೋ ಇಲ್ಲವೋ.

ನವೆಂಬರ್ 5, ಬುಧವಾರ

ತಲೆಬುಡ ಅರ್ಥವಾಗುತ್ತಿಲ್ಲ. ಮೊದಲು ರೋಬೋಟುಗಳ ಮೇಲೆ ಅನುಮಾನ ಬಂತು. ಕಂಪ್ಯೂಟರುಗಳೇ ಸುಮ್ಮಸುಮ್ಮನೆ ಬಂದು ಹೋಗುತ್ತವಲ್ಲ... ಅಲ್ಲ. ಯಾವ ರೋಬೋಟು ಐದು ನಿಮಿಷ ಕೂತು ಗುಂಡಿಯ ಕಾಜಾ ಹೊಲಿಯುವುದು ಹೇಗೆಂದು ಓದುತ್ತದೆ? ಆಮೇಲೆ ನಮ್ಮ ಆಫೀಸಿನವರೇ ಇರಬಹುದೆಂದು ಅವರನ್ನು ಕಳೆದು ನೋಡಿದೆ. ಒಂಬತ್ತು ಜನ ಕಡಿಮೆಯಾದರು. ಒಂಬತ್ತು!

ಮನೆಯಲ್ಲಿ ಗಂಡನಿಗೆ ಹೇಳಿಕೊಂಡೆ. “ಬಂದೋರು ಬಂದ್ರಲ್ಲ, ಎಲ್ಲಿಂದ ಬಂದ್ರೆ ನಿನಗೇನೇ? ನೀನೇನು ಗೇಟ್ ಕಾಯೋಳಾ?” ಅಂದರು. ಹೌದು, ಅದೇ ನನ್ನ ಕೆಲಸ ಎಂದೆ. ಸಿಟ್ಟು ಬಂದಿತ್ತು.

ನವೆಂಬರ್ 6, ಗುರುವಾರ, ಮಧ್ಯಾಹ್ನ

ಅಕ್ಕ ನನ್ನ ಅಂಗಿಯ ತೋಳು ಹಿಡಿದು ನಿಲ್ಲಿಸಿದರು. ಹೊಲಿಗೆ ಬಿಟ್ಟಿತ್ತಂತೆ. ನಿಂತಲ್ಲೇ ನಾಲ್ಕು ಹೊಲಿಗೆ ಹಾಕಿದರು.

“ನನ್ನ ಪತ್ರದಲ್ಲೇ ಏನೋ ಕೆಟ್ಟಿದೆ ಕಣೆ. ಮೊದ್ಲು ಜನ ಬರ್ತಿದ್ರು, ಈಗ ಒಬ್ರೂ ಬರಲ್ಲ ಅಂತಾರೆ. ತುಂಬಾ ಉದ್ದ ಬರೀತೀನಾ?”

ದಾರ ಹಲ್ಲಿನಲ್ಲಿ ಕಡಿದರು. ಆ ಪತ್ರ ನನಗೂ ಬರುತ್ತದೆ. ತೆರೆಯದೆ ಅಳಿಸುತ್ತೇನೆ.

ಕುರ್ಚಿಗೆ ವಾಪಸ್ ಬಂದು ಹಳೆಯ ವಾರಗಳನ್ನೆಲ್ಲ ತೆಗೆದೆ. ಸೊನ್ನೆ ಶುರುವಾದದ್ದು ಸೆಪ್ಟೆಂಬರ್ 9ರ ಪತ್ರದಿಂದ. ಡೈರೆಕ್ಟ್ ಸಾಲು ಉಬ್ಬಿದ್ದೂ ಅದೇ ದಿನ. ಹೆಚ್ಚೂಕಡಿಮೆ ಅಷ್ಟೇ ಜನ. ಅಂದರೆ ಅವರು ಎಲ್ಲೂ ಹೋಗಿಲ್ಲ? ಇಲ್ಲಿಂದ ಅಲ್ಲಿಗೆ ಅವರನ್ನು ಎತ್ತಿ ಹಾಕಿದವರು ಯಾರು?

ನವೆಂಬರ್ 7, ಶುಕ್ರವಾರ, 11.40

ಅಳಿಸಿದ ಪತ್ರ ಹುಡುಕಿ ತೆಗೆದು, ಅದರಲ್ಲಿನ ಲಿಂಕ್ ಒತ್ತಿದೆ. ಮೊದಲ ಸಲ. ಲಿಂಕಿನ ತುದಿಗೆ ‘ಅಕ್ಕನ ಪತ್ರದಿಂದ’ ಎಂದು ಒಂದು ಬಾಲ ಇರುತ್ತದೆ. ರಿಪೋರ್ಟು ಅದನ್ನು ನೋಡಿಯೇ ಜನರನ್ನು ಸಾಲಿಗೆ ಹಾಕುವುದು; ಬಾಲ ಇಲ್ಲದವರು ಡೈರೆಕ್ಟ್‌ಗೆ. ಪುಟ ತೆರೆಯಿತು. ಮೇಲೆ ವಿಳಾಸ ನೋಡಿದರೆ — ಬಾಲ ಇಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ.

ಸೆಪ್ಟೆಂಬರಿನಲ್ಲಿ ಏನಾಗಿತ್ತು? ಇದೇ ಪುಸ್ತಕದ ಹಿಂದಿನ ಹಾಳೆ ತಿರುಗಿಸಿದೆ. ಸೆಪ್ಟೆಂಬರ್ 8, ನನ್ನದೇ ಅಕ್ಷರ. ‘ಸೈಟಿಗೆ ಹೊಸ ವಿಳಾಸ. ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಲು ಒಂದು ಸಾಲು ಕೋಡ್ ಬರೆದೆ. ಹತ್ತೇ ನಿಮಿಷ. ಪರೀಕ್ಷೆ ಮಾಡಲಿಲ್ಲ, ಮಾಡುವುದೇನಿದೆ. ಬೇಗ ಮನೆಗೆ.’

ಅಕ್ಕ ಇವತ್ತಿಗೂ ಪತ್ರದಲ್ಲಿ ಹಳೆಯ ವಿಳಾಸವನ್ನೇ ಹಾಕುತ್ತಾರೆ. ಬಂದವರನ್ನೆಲ್ಲ ನನ್ನ ಕೋಡು ಒಳಗೆ ಬಿಟ್ಟಿದೆ, ಬಾಲ ಕತ್ತರಿಸಿ.

ಸರಿಪಡಿಸಿದೆ. ಎರಡು ನಿಮಿಷ.

ಸಂಜೆ 5

ಮೀಟಿಂಗ್ ಮುಗಿಯಿತು. “ಪತ್ರ ನಿಲ್ಲಿಸೋದು. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?” ಮ್ಯಾನೇಜರ್ ನನ್ನ ಕಡೆಯೇ ನೋಡಿದರು. ಇಲ್ಲ ಎಂದು ತಲೆಯಾಡಿಸಿದೆ. ಯಾಕೆ? ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ನವೆಂಬರ್ 12, ಬುಧವಾರ

ನಿನ್ನೆ ಪತ್ರ ಹೋಗಲಿಲ್ಲ. ದಾರಿ ಸರಿಯಾಗಿದೆ, ಒತ್ತುವುದಕ್ಕೆ ಪತ್ರವೇ ಇಲ್ಲ. ಡೈರೆಕ್ಟ್ ಸಾಲು ಧೊಪ್ಪನೆ ಬಿದ್ದಿದೆ. “ಜನ ಎಲ್ಲಿ ಹೋದ್ರು?” ಎಂದು ಮ್ಯಾನೇಜರ್ ತಲೆ ಕೆರೆದುಕೊಂಡರು. ಈಗ ಅವರಿಗೂ ಗೊಂದಲ. ನಗು ಬರಬೇಕಿತ್ತು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಇವರು, “ಯಾಕೆ, ನಾಲ್ಕು ದಿನದಿಂದ ಹರಳೆಣ್ಣೆ ಕುಡಿದ ಮುಖ?” ಅಂದರು. ಎಲ್ಲ ಹೇಳಿದೆ. “ನಿನ್ನ ತಪ್ಪಿಗೆ ಅವರ್ಯಾಕೆ ಗೋಡೌನಿಗೆ ಹೋಗ್ಬೇಕು?” ಅಷ್ಟೇ ಕೇಳಿದರು. ಎದ್ದು ತಟ್ಟೆ ತೊಳೆದೆ. ಎರಡು ಸಲ ತೊಳೆದೆ ಅಂತ ಕಾಣುತ್ತದೆ.

ನವೆಂಬರ್ 13, ಗುರುವಾರ, 4.30

ಅಕ್ಕ ಬಂದಿದ್ದರು. ಕತ್ತರಿ, ಟೇಪು ಎಲ್ಲ ಡಬ್ಬಕ್ಕೆ ತುಂಬಿ ಆಗಿದೆ. ನಾಳೆಯಿಂದ ಗೋಡೌನು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಹೋಗೋ ಮುಂಚೆ ಆ ರಿಪೋರ್ಟ್ ಒಂದ್ಸಲ ತೋರ್ಸೆ. ಎಲ್ಲಿ ಎಡವಿದೆ ಅಂತಾದ್ರೂ ತಿಳ್ಕೋತೀನಿ.”

ಅಕ್ಟೋಬರಿನದು ತೋರಿಸಿದೆ. ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಡೈರೆಕ್ಟ್ ಹತ್ತಿರ ಬೆರಳು ನಿಂತಿತು.

“ಇವರು ಯಾರೇ, ಇಷ್ಟೊಂದು ಜನ?”

“ನಿಮ್ಮೋರೇ ಅಕ್ಕ” ಎಂದೆ. ಆಮೇಲೆ ಉಳಿದದ್ದೂ ಬಾಯಿಂದ ಬಂತು, ಹಿಂದುಮುಂದಾಗಿ. ಬಯ್ಯುತ್ತಾರೆ ಅಂದುಕೊಂಡೆ.

“ಓದ್ತಿದ್ರಾ?” ಅಂದರು. ಆ ಸಾಲಿನ ಮೇಲೆ ಇನ್ನೊಮ್ಮೆ ಬೆರಳೆಳೆದು ಮತ್ತೆ, “ಅಷ್ಟೂ ಜನ ಓದ್ತಿದ್ರಾ?”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಇಲ್ಲೇ ಕೂತಿರು. ಮ್ಯಾನೇಜರನ್ನ ಕರ್ಕೊಂಡ್ ಬರ್ತೀನಿ. ನನಗೆ ಹೇಳಿದ್ದನ್ನ ಅವರಿಗೂ ಹೇಳು.”

ಕೂತಿದ್ದೇನೆ. ಸೆಪ್ಟೆಂಬರ್ 8ರ ಹಾಳೆಗೆ ಅಕ್ಕನ ಟೇಪಿನ ತುಂಡು ಗುರುತಿಟ್ಟಿದ್ದೇನೆ. ಕಾರಿಡಾರಿನಲ್ಲಿ ಇಬ್ಬರ ಹೆಜ್ಜೆ ಸಪ್ಪಳ. ಎಲ್ಲಿಂದ ಶುರು ಮಾಡಲಿ? ಸಾರ್, ಆ ಸಾಲು ಬರೆದದ್ದು